ಲ್ಯಾಂಬ್ರೆಟಾದ ಅಸಲಿ ಬ್ಲಾಕು

ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೋಗುವ ಬೆಳಗಿನ ಬಸ್ಸನ್ನು ದಿನಾ ಹತ್ತುವವರಿಗೆ ಕಂಡಕ್ಟರ್ ಧನಲಕ್ಷ್ಮಿಯ ಗಂಟಲಿನ ಪರಿಚಯ ಚೆನ್ನಾಗಿಯೇ ಇದೆ. "ಒಳಗಡೆ ನಡೀರಿ, ಒಳಗಡೆ! ಬಾಗ್ಲಲ್ಲೇ ಸಂಸಾರ ಹೂಡ್ಬೇಡ್ರಿ!" ಎಂದು ಅವಳೊಮ್ಮೆ ಕೂಗಿದಳೆಂದರೆ ಹೆಬ್ಬಾಳದ ಸ್ಟಾಪಿನಲ್ಲಿ ಬೇರೆ ಬಸ್ಸಿಗೆ ಕಾಯುತ್ತ ನಿಂತವರೂ ಬೆಚ್ಚಿ ಹಿಂದೆ ಸರಿಯುತ್ತಾರೆ. ಹುಣಸಮಾರನಹಳ್ಳಿಯ ಹೆಣ್ಣು, ಐವತ್ತಕ್ಕೆ ಇನ್ನೇನು ಹತ್ತಿರ. ಬಾಯಿ ಜೋರು, ಕೈ ಚುರುಕು, ಕಣ್ಣಂತೂ ಕೇಳಲೇಬೇಡಿ. ಯಾರದೋ ಪಾಸನ್ನು ಹೆಬ್ಬೆರಳಲ್ಲಿ ಅರ್ಧ ಮುಚ್ಚಿ ತೋರಿಸುವ ಕಿಲಾಡಿಗಳನ್ನು ಅವಳು ಪಾಸು ನೋಡಿ ಹಿಡಿಯುವುದಿಲ್ಲ, ಮುಖ ನೋಡಿಯೇ ಹಿಡಿಯುತ್ತಾಳೆ.

ಡಿಪೋದಲ್ಲಿ ಅವಳ ಊಟದ ಡಬ್ಬಿಯೂ ಅವಳಷ್ಟೇ ಹೆಸರುವಾಸಿ. ಹಳೇ ಕಾಲದ ದಪ್ಪ ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ 'ಧನಲಕ್ಷ್ಮಿ' ಎಂದು ಕೆತ್ತಿದೆ. ಹಿಂದೆ ಊರೂರು ತಿರುಗುವ ಒಬ್ಬ ಬರುತ್ತಿದ್ದನಲ್ಲ, ಜಗುಲಿಯ ಮೇಲೆ ಕೂತು ಚಿಕ್ಕ ಉಳಿ, ಚಿಕ್ಕ ಸುತ್ತಿಗೆ ಹಿಡಿದು ಟಿಕ್ ಟಿಕ್ ಎಂದು ಪಾತ್ರೆಗಳಿಗೆ ಹೆಸರು ಹಾಕಿಕೊಡುತ್ತಿದ್ದವನು, ಅವನ ಕೈಕೆಲಸ. ಹೆಣ್ಣುಮಗು ಹುಟ್ಟಿದ ಮನೆಯಲ್ಲಿ ಮದುವೆಗೆಂದು ಒಂದೊಂದೇ ಪಾತ್ರೆ ಕೂಡಿಟ್ಟು ಮಗಳ ಹೆಸರು ಹಾಕಿಸಿಬಿಡುವುದು ಅವರ ಮನೆಯ ರೂಢಿ. ಹೆಸರು ಬಿದ್ದ ಮೇಲೆ ಆ ಪಾತ್ರೆ ಅವಳದು, ಮನೆಯ ಗಂಡುಮಕ್ಕಳು ಅದರ ಸುದ್ದಿಗೆ ಬರುವಂತಿಲ್ಲ. ಧನಲಕ್ಷ್ಮಿಯ ಅವ್ವ ಮುನಿವೆಂಕಟಮ್ಮ ಕೊಳದಪ್ಪಲೆಯಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಒಂದನ್ನೂ ಬಿಟ್ಟಿರಲಿಲ್ಲ. "ಅಕ್ಕಾ, ಬಸ್ಸಿಗೂ ಒಂದು ಹೆಸ್ರು ಹಾಕ್ಸಿಬಿಡಿ" ಎಂದು ಡಿಪೋದವರು ರೇಗಿಸಿದರೆ ಇವಳು "ಹಾಕ್ಸ್ತೀನಿ, ಆಮೇಲೆ ಮನೆಗೇ ಹೊಡ್ಕೊಂಡ್ ಹೋಗ್ತೀನಿ, ನೀವು ನಡ್ಕೊಂಡ್ ಬನ್ನಿ" ಎನ್ನುತ್ತಾಳೆ.

ಇಂಥವಳಿಗೆ ಹೋದ ವರ್ಷ ಸ್ಕೂಟರಿನ ಹುಚ್ಚು ಹಿಡಿಯಿತು. ಅಂತಿಂಥ ಹುಚ್ಚಲ್ಲ, ತಲೆಗೇ ಏರಿದ್ದು.

ಸ್ಕೂಟರು ಅವಳಪ್ಪ ಚಿಕ್ಕಮಾರಯ್ಯನದು, ಹಳೆಯ ಲ್ಯಾಂಬ್ರೆಟಾ. ಹುಣಸಮಾರನಹಳ್ಳಿಯ ಸುತ್ತ ದ್ರಾಕ್ಷಿ ತೋಟಗಳಿದ್ದ ಕಾಲದಲ್ಲಿ ಒಳ್ಳೆ ಫಸಲು ಕೈಗೆ ಹತ್ತಿದ ವರ್ಷ ತಂದದ್ದು. ಕಾಲಿಡುವ ಜಾಗದಲ್ಲಿ ಒಂದು ದ್ರಾಕ್ಷಿ ಬುಟ್ಟಿ, ಹಿಂದಿನ ಸೀಟಿನಲ್ಲಿ ಇನ್ನೊಂದು, ನಡುವೆ ಚಿಕ್ಕಮಾರಯ್ಯ. ಆ ಗಾಡಿ ಬರುವ ಸದ್ದು ದೇವಸ್ಥಾನದ ತಿರುವಿನಲ್ಲೇ ಕೇಳಿಸಿ, ಮನೆಯಲ್ಲಿ ಒಲೆಯ ಮೇಲೆ ಕಾಫಿಗೆ ನೀರು ಏರುತ್ತಿತ್ತು. ಮನುಷ್ಯ ಮಾತಿಗೆ ಬಲು ಬಿಗಿ. ಮಗಳು ಹತ್ತನೇ ಕ್ಲಾಸು ಪಾಸಾದಳೆಂದು ಓಡಿ ಬಂದು ಹೇಳಿದರೆ "ಹೂಂ" ಎಂದು ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆಯುವುದನ್ನು ಮುಂದುವರಿಸಿದ ಪುಣ್ಯಾತ್ಮ. ಆದರೆ ಅದೇ ಪುಣ್ಯಾತ್ಮ ಒಂದು ಬೇಸಿಗೆಯಲ್ಲಿ ಬಳ್ಳಿಗಳ ನಡುವಿನ ದಾರಿಯಲ್ಲಿ ಮಗಳನ್ನು ಸ್ಕೂಟರ್ ಮೇಲೆ ಕೂರಿಸಿ, ಹಿಂದಿನಿಂದ ಸೀಟು ಹಿಡಿದು ಓಡುತ್ತ ಕ್ಲಚ್ಚು, ಗೇರು ಎಲ್ಲ ಕಲಿಸಿದ್ದ.

ಕಲಿತದ್ದೇ ಬಂತು. "ಹೆಣ್ ಉಡ್ಗೀಗೆ ಗಾಡಿ ಕಲುಸ್ತಾವ್ನಂತೆ, ಮುಂದೆ ಕುದ್ರೆ ಅತ್ತುಸ್ತಾನೇನೋ" ಎಂದು ಊರಿನ ಕಟ್ಟೆಯ ಮೇಲೆ ಕೂತವರಿಗೆ ಬಾಯಿತುಂಬ ಮಾತಾಯಿತು. ಚಿಕ್ಕಮಾರಯ್ಯ ಕಲಿಸುವುದನ್ನು ನಿಲ್ಲಿಸಿದ. ಕೆಲವು ವರ್ಷ ಕಳೆದು ಒಂದು ಆಯುಧಪೂಜೆಯ ದಿನ, ಎಲ್ಲರ ಎದುರಿಗೆ, ಗಾಡಿಯ ಕೀಯನ್ನು ತೆಗೆದು ಮಗ ಗೋಕುಲನ ಕೈಗೆ ಕೊಟ್ಟುಬಿಟ್ಟ. ಧನಲಕ್ಷ್ಮಿ ಅಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಒಳಗೇ ಉರಿದುಕೊಂಡು ಅದೇ ತಟ್ಟೆಯಲ್ಲಿ ತಮ್ಮನಿಗೂ ಆರತಿ ಎತ್ತಿದಳು. ಗೋಕುಲ ಆ ವಾರದಲ್ಲೇ ಗಾಡಿ ಸಮೇತ ಚರಂಡಿಗೆ ಬಿದ್ದು, ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ. ಮತ್ತೆ ಚಿಕ್ಕಮಾರಯ್ಯನೇ ಓಡಿಸಿದ. ಮಗಳು ಹಟ ಹಿಡಿದು ಪರೀಕ್ಷೆ ಬರೆದು ಬಸ್ಸಿನ ಕಂಡಕ್ಟರಾದಳು. ಸಣ್ಣ ಗಾಡಿ ಕೊಡದಿದ್ದರೇನು, ದೊಡ್ಡ ಗಾಡಿಯನ್ನೇ ಹತ್ತುತ್ತೇನೆ ಎಂಬ ಕಿಚ್ಚು ಅದರಲ್ಲಿ ಇರಲಿಲ್ಲವೆಂದು ಅವಳೂ ಹೇಳುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಶೆಡ್ಡು ಸೇರಿತು. ಆದರೂ ಪ್ರತಿ ಆಯುಧಪೂಜೆಗೆ ಅದಕ್ಕೊಂದು ಹಾರ ಬೀಳಲೇಬೇಕು. ಊರ ಪೂಜಾರಿ ಮನೆ ಮನೆಯ ಮುಂದೆ ನಿಂತು ಗಾಡಿಗಳಿಗೆ ಮಂಗಳಾರತಿ ಎತ್ತುವಾಗ "ಪೂಜೆ ಯಾರ ಹೆಸ್ರಲ್ಲಮ್ಮ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ "ಗೋಕುಲ್" ಎಂದು ಹೇಳುತ್ತಿದ್ದವಳು ಇವಳೇ. ಹೋದ ವರ್ಷ ಹಾಗೆ ಹೇಳಿ, ಬಗ್ಗಿ ಕುಂಕುಮ ಇಡಲು ಹೋದರೆ ತುಕ್ಕು ಯಾವುದು ಕುಂಕುಮ ಯಾವುದು ತಿಳಿಯಲಿಲ್ಲ. ಅವಳಿಗೆ ಅಳುವೇ ಬಂತು. ಮರುಕ್ಷಣ ಸಿಟ್ಟು ಬಂತು. "ಮುಂದಿನ ಪೂಜೆಗೆ ಇದು ಓಡ್ಬೇಕು ಕಣೋ" ಎಂದು ತಮ್ಮನಿಗೆ ಹೇಳಿದಳು. "ತಗೊಂಡ್ ಹೋಗಕ್ಕ, ನಂಗೆ ಅದನ್ನ ನೋಡಿದ್ರೆ ಈಗ್ಲೂ ಮೊಣಕಾಲ್ ನೋಯುತ್ತೆ" ಎಂದ ಗೋಕುಲ.

ಸುಮ್ಮನೆ ಓಡಿದರೆ ಅವಳಿಗೆ ಸಮಾಧಾನವಿಲ್ಲ, ಅಪ್ಪನ ಕೈಯಲ್ಲಿ ಓಡಿದ ಇಂಜಿನ್ನೇ ಓಡಬೇಕು. ಅಂಗಡಿಯಿಂದ ಹೊಸ ಸಾಮಾನು ತಂದು ಜೋಡಿಸಿದರೆ ಅದು ಲ್ಯಾಂಬ್ರೆಟಾ ಆಗಬಹುದು, ಚಿಕ್ಕಮಾರಯ್ಯನ ಲ್ಯಾಂಬ್ರೆಟಾ ಹೇಗಾದೀತು?

ಗಂಗಾನಗರದ ಹಿಂದಿನ ಬೀದಿಯಲ್ಲಿ ಜೀಷಾನನ ಗ್ಯಾರೇಜಿದೆ. ಹಳೇ ಸ್ಕೂಟರುಗಳೆಂದರೆ ಪ್ರಾಣ ಬಿಡುವ ಆಸಾಮಿ. ಅವನು ಇಂಜಿನ್ ಬಿಚ್ಚಿದ ದಿನ ಧನಲಕ್ಷ್ಮಿ ಬೆಳಗಿನ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದು ಡಬ್ಬಿ ತೆರೆದು ಊಟಕ್ಕೆ ಕೂತಳು. ಕೂತವಳು ಊಟವನ್ನೇ ಮರೆತಳು.

"ನೋಡಕ್ಕ, ಇದು ನಂಬರು," ಎಂದು ಜೀಷಾನ್ ಇಂಜಿನ್ನಿನ ಮೈಮೇಲಿನ ಜಿಡ್ಡು ಒರೆಸಿ ತೋರಿಸಿದ. "ಕಂಪ್ನೀಲಿ ಒಂದೊಂದೇ ಅಂಕಿ ಇಟ್ಟು ಹೊಡೆದಿರ್ತಾರೆ. ಅದಕ್ಕೇ ಸಾಲು ಸ್ವಲ್ಪ ಮೇಲೆ ಕೆಳಗೆ. ಒಂದೇ ನೇರಕ್ಕೆ ನೀಟಾಗಿದ್ರೆ ನಂಗೆ ಅಲ್ಲೇ ಡೌಟು."

ಅವಳು ಫೋನಿನಲ್ಲಿದ್ದ ಆರ್‌ಸಿ ಫೋಟೋ ತೆಗೆದು ಅಂಕಿ ಅಂಕಿ ಕೂಡಿಸಿದಳು. ಕೊನೆಯ ಅಂಕಿಯೂ ಕೂಡಿದಾಗ "ಅಪ್ಪಂದೇ! ಅಪ್ಪಂದೇ ಕಣೋ!" ಎಂದು ಕಿರುಚಿದ ರಭಸಕ್ಕೆ ಎದುರಿನ ಟೈಲರ್ ಅಕ್ಬರಿ ಮಷಿನ್ನು ನಿಲ್ಲಿಸಿ ಹೊರಗೆ ಬಂದು ಯಾರಿಗೇನಾಯಿತು ಎಂದು ನೋಡಿದಳು.

ಅಲ್ಲಿಂದ ಮುಂದೆ ಅವಳದೇ ದರ್ಬಾರು. ಎರಕದಲ್ಲೇ ಉಬ್ಬಿಬಂದ ಕಂಪನಿ ಗುರುತಿಗೂ, ಆಮೇಲೆ ಯಾರೋ ಕೆತ್ತಿದ ಗುರುತಿಗೂ ಏನು ಅಂತರ, ಹಳೇ ಕಾರ್ಬ್ಯುರೇಟರಿನ ಹೆಸರು ಎಲ್ಲಿರುತ್ತದೆ, ಪಿಸ್ಟನ್ನಿನ ನೆತ್ತಿಯ ಮೇಲೆ ಅದರ ಅಳತೆ ಹೇಗೆ ಬರೆದಿರುತ್ತದೆ, ಎಲ್ಲವನ್ನೂ ಕೇಳಿ ಕೇಳಿ ಜೀಷಾನನ ತಲೆ ಚಿಟ್ಟು ಹಿಡಿಸಿದಳು. ಒಂದೊಂದು ಸಾಮಾನು ಅಸಲಿ ಎಂದು ಗೊತ್ತಾದಾಗಲೂ ಮೈಮೇಲೆ ದೇವರು ಬಂದವಳ ಹಾಗೆ ಕುಣಿಯುವುದು, ಅವ್ವನಿಗೆ ಫೋನು ಮಾಡುವುದು. ಅವ್ವನಿಗೆ ಮ್ಯಾಗ್ನೆಟ್ಟೂ ಒಂದೇ, ಮಡಕೆಯೂ ಒಂದೇ. ಆದರೂ "ಔದಾ! ಸಿಕ್ತಾ! ಒಳ್ಳೇದಾಯ್ತು ಬುಡು" ಎಂದು ಆಕೆಯೂ ಅಷ್ಟೇ ಜೋರಾಗಿ ಕೂಗುತ್ತಿದ್ದಳು.

ಅದೇ ಗ್ಯಾರೇಜಿನಲ್ಲಿ ಇನ್ನೊಂದು ಲ್ಯಾಂಬ್ರೆಟಾ ಬಿಚ್ಚಿಕೊಂಡು ಬಿದ್ದಿತ್ತು. ಅದು ಅನಂತರಾಜುವಿನದು. ನಾಗಸಂದ್ರದ ಹಳೇ ಒಕ್ಕಲು ಮನೆತನ, ಈಗ ಜಮೀನಿನಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿ ಕೈತುಂಬ ಬಿಡುವಿರುವ ಮನುಷ್ಯ. ನೆಲಮಂಗಲದ ಕಡೆ ಲಕ್ಕಣ್ಣ ಎಂಬವರು ಓಡಿಸುತ್ತಿದ್ದ ಗಾಡಿಯನ್ನು ಅವರ ಮನೆಯವರಿಂದ ತಂದು, "ಒಂದ್ ನಟ್ಟೂ ಬದ್ಲಾಗಿಲ್ಲ, ಗೊತ್ತಾ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇಬ್ಬರೂ ಗ್ಯಾರೇಜಿನಲ್ಲಿ ಎದುರಾದರೆ ಸಾಕು, ನಿನ್ನ ಕಾರ್ಬ್ಯುರೇಟರು ಹೆಚ್ಚೋ ನನ್ನದು ಹೆಚ್ಚೋ ಎಂದು ಮಕ್ಕಳು ಗೋಲಿ ತೋರಿಸಿಕೊಂಡ ಹಾಗೆ ಶುರುವಾಗುತ್ತಿತ್ತು.

ಹೀಗೆ ನಗುನಗುತ್ತ ಸಾಗಿದ್ದು ಆಯುಧಪೂಜೆಯ ಹಿಂದಿನ ದಿನಕ್ಕೆ ಬಂದು ಮುಗ್ಗರಿಸಿತು.

ಜೀಷಾನ್ ಸಾಮಾನುಗಳಿಗೆ ಬಟ್ಟೆಚೂರು ಕಟ್ಟಿಡುವವನು. ಧನಲಕ್ಷ್ಮಿಯ ಸಾಮಾನಿಗೆ ಕೆಂಪು ಚೂರು, ಅನಂತರಾಜುವಿನದಕ್ಕೆ ಹಸಿರು. ಎದುರಿನ ಅಕ್ಬರಿಯ ಅಂಗಡಿಯಿಂದ ಬೇಕಾದಷ್ಟು ಚೂರು ಸಿಗುತ್ತಿತ್ತು. ಆಯುಧಪೂಜೆಗೆ ಗಿರಾಕಿಗಳೆಲ್ಲ ಗ್ಯಾರೇಜಿಗೇ ಬಂದು ಸ್ಪ್ಯಾನರುಗಳಿಗೆ ಹೂವಿಟ್ಟು ಕಾಯಿ ಒಡೆಯುವುದು ಅವನಪ್ಪನ ಕಾಲದಿಂದ ನಡೆದು ಬಂದದ್ದು. ಅದಕ್ಕೆಂದು ಅವನು ಬೆಳಿಗ್ಗೆ ಎದ್ದವನೇ ಗ್ಯಾರೇಜನ್ನೆಲ್ಲ ತೊಳೆದ. ತೊಳೆಯುವ ಭರದಲ್ಲಿ ಬೆಂಚಿನ ಮೇಲಿದ್ದ ಸಾಮಾನನ್ನೂ ಒಂದೇ ಡೀಸೆಲ್ ತೊಟ್ಟಿಗೆ ಹಾಕಿಬಿಟ್ಟ. ಹೊರಗೆ ತೆಗೆದಾಗ ಎರಡು ಬಟ್ಟೆಚೂರು ತೊಟ್ಟಿಯ ತಳದಲ್ಲಿ ಬಿದ್ದಿದ್ದವು, ಎರಡು ಬ್ಲಾಕುಗಳು ಬರಿಮೈಯಲ್ಲಿದ್ದವು.

ಬ್ಲಾಕೆಂದರೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ಎರಕದ ಕಬ್ಬಿಣದ ಗೂಡು, ಇಂಜಿನ್ನಿನ ಎದೆಗೂಡು ಅನ್ನಿ. ಅದರ ಮೇಲೆ ಕಂಪನಿ ನಂಬರು ಹೊಡೆದಿರಲಿಲ್ಲ. ಆ ಎರಡರಲ್ಲಿ ಒಂದರ ಮೈಯಲ್ಲಿ ಕಂಪನಿಯ ಗುರುತು ಎರಕದಲ್ಲೇ ಉಬ್ಬಿ ಕಾಣುತ್ತಿತ್ತು. ಇನ್ನೊಂದರಲ್ಲಿ ಏನೂ ಇಲ್ಲ, ನುಣ್ಣಗೆ. ಎಂದೋ ಯಾರೋ ಹಾಕಿದ ಡೂಪ್ಲಿಕೇಟು. ಅಸಲಿ ಯಾರದು, ನಕಲಿ ಯಾರದು?

ಫೋನು ಬಂದಾಗ ಧನಲಕ್ಷ್ಮಿಯ ಪಾಳಿ ಮುಗಿಯುತ್ತಿತ್ತು. ಲೆಕ್ಕ ಒಪ್ಪಿಸಿ, ಊಟದ ಡಬ್ಬಿಯನ್ನೂ ತೆರೆಯದೆ, ಒಂದೇ ಉಸಿರಿಗೆ ಗಂಗಾನಗರಕ್ಕೆ ಬಂದಳು. ಬರುವಷ್ಟರಲ್ಲಿ ಅನಂತರಾಜು ಅಲ್ಲಿ ಅಸಲಿ ಬ್ಲಾಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಕೆಳಗಿಡ್ರೀ ಅದನ್ನ!" ಎಂದಳು ಬಾಗಿಲಿಂದಲೇ.

"ನಂದು ನಾನ್ ಇಟ್ಕೊಂಡಿದ್ದೀನಮ್ಮ. ನನ್ ಗಾಡೀಲಿ ಒಂದ್ ನಟ್ಟೂ ಬದ್ಲಾಗಿಲ್ಲ ಅಂತ ಮೊದ್ಲಿಂದ ಹೇಳ್ತಿಲ್ವಾ?"

"ನಟ್ಟು ಬದ್ಲಾಗಿಲ್ಲ ಅಂತ ನಿಮಗೆ ನಟ್ಟು ಬಂದು ಹೇಳ್ತಾ? ಮಾರಿದೋರು ಹೇಳಿದ್ರು, ನೀವ್ ನಂಬ್ಕೊಂಡ್ರಿ."

"ನಿಮಗೆ ಮಾತ್ರ ನಿಮ್ಮಪ್ಪ ಬರ್ದು ಕೊಟ್ಟಿದ್ರಾ?"

ಜೀಷಾನನ ಮುಖ ಇಂಗು ತಿಂದ ಮಂಗನಂತಾಗಿತ್ತು. "ತಪ್ಪು ನಂದು ಅಕ್ಕ, ಅಣ್ಣ, ಇಬ್ರೂ ನನ್ನ ಬಯ್ರಿ," ಎಂದ. "ಅಸಲಿ ಅಕ್ಕಂದು ಅನ್ಸುತ್ತೆ. ಆದ್ರೆ ಆಣೆ ಮಾಡಿ ಹೇಳು ಅಂದ್ರೆ ಹೇಳಕ್ಕಾಗಲ್ಲ. ಬಿಚ್ಚಿದಾಗ ಫೋಟೋ ತೆಗ್ದಿದ್ದೆ, ಅದ್ರಲ್ಲಿ ಎರಡೂ ಬ್ಲಾಕು ಮಣ್ಣು, ಜಿಡ್ಡು ಮೆತ್ಕೊಂಡು ಒಂದೇ ಥರ ಕಾಣ್ತವೆ."

ಪಿಸ್ಟನ್ ಹಾಕಿ ನೋಡೋಣವೆಂದರೆ ಎರಡು ಬ್ಲಾಕನ್ನೂ ಒಂದೇ ದಿನ ಲೇತಿಗೆ ಕಳಿಸಿ ಒಂದೇ ಅಳತೆಗೆ ಒಳಗಡೆ ಕೊರೆಸಿ, ಬೋರು ಮಾಡಿಸಿಯಾಗಿತ್ತು. ಈ ಪಿಸ್ಟನ್ನು ಅದರಲ್ಲೂ ಇಳಿಯಿತು, ಇದರಲ್ಲೂ ಇಳಿಯಿತು. ಧನಲಕ್ಷ್ಮಿಗೆ ತಟ್ಟನೆ ಇನ್ನೊಂದು ಹೊಳೆಯಿತು. ಅಪ್ಪ ಒಮ್ಮೆ ಬ್ಲಾಕನ್ನು ರಾಗಿ ಬೀಸುವ ಕಲ್ಲಿನ ಮೇಲೆ ಬೀಳಿಸಿ ಅದರ ರೆಕ್ಕೆಯೊಂದು ಮುರಿದಿತ್ತು! ಬಿಸಿ ಹೊರಗೆ ಹೋಗಲೆಂದು ಬ್ಲಾಕಿನ ಸುತ್ತ ಪದರ ಪದರವಾಗಿ ಇರುತ್ತವಲ್ಲ, ಆ ರೆಕ್ಕೆ.

"ಇಲ್ನೋಡ್ರಿ, ಮುರಿದಿದೆ!" ಎಂದು ಅಸಲಿ ಬ್ಲಾಕನ್ನು ಕಿತ್ತುಕೊಂಡು ಎತ್ತಿ ಹಿಡಿದಳು.

ಅನಂತರಾಜು ಎರಡನೆಯದನ್ನು ಎತ್ತಿ ತೋರಿಸಿದ. ಅದರಲ್ಲೂ ಒಂದು ರೆಕ್ಕೆ ಮುರಿದಿತ್ತು.

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ನಾಳೆ ಪೂಜೆ. ಉಳಿದ ಇಂಜಿನ್ನೆಲ್ಲ ಸಿದ್ಧವಾಗಿ ಕೂತಿದೆ, ಬ್ಲಾಕು ಕೂರಿಸಿದರೆ ಸಂಜೆಗೆ ಗಾಡಿ ಓಡುತ್ತದೆ. ಆದರೆ ಯಾವ ಬ್ಲಾಕು? ಚೀಟಿ ಎತ್ತೋಣ ಎಂದ ಜೀಷಾನ್. ಚೀಟಿ ಎತ್ತಿ ಅಪ್ಪನನ್ನು ಪಡೆಯುವುದುಂಟೇ? ಅದನ್ನು ಕೇಳಿಯೇ ಅವಳಿಗೆ ಮೈಯೆಲ್ಲ ಉರಿಯಿತು. ಅನಂತರಾಜುವೂ ಒಪ್ಪಲಿಲ್ಲ. ಪಾಪ, ಅವನಿಗೂ ಅದು ಮೂರು ವರ್ಷದ ಕನಸು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅವ್ವ. ಕೈಯೆಲ್ಲ ಡೀಸೆಲ್ಲಾಗಿದ್ದರಿಂದ ಧನಲಕ್ಷ್ಮಿ ಮೊಣಕೈಯಲ್ಲೇ ಸ್ಪೀಕರ್ ಒತ್ತಿದಳು. ಆ ಕಡೆಯಿಂದ ಪಾತ್ರೆಗಳ ಸದ್ದೋ ಸದ್ದು. ಹಬ್ಬಕ್ಕೆ ಮನೆಯ ಪಾತ್ರೆಯನ್ನೆಲ್ಲ ಅಂಗಳಕ್ಕೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ಬೆಳಗುತ್ತಿದ್ದಳು ಮುನಿವೆಂಕಟಮ್ಮ.

"ಏನಮ್ಮಿ, ಗಾಡಿ ತತ್ತೀಯಾ ಇಲ್ವಾ? ನಿಂಬೆಹಣ್ ತರ್ಸಿಡ್ಲಾ?"

"ನಿಂಬೆಹಣ್ಣಂತೆ! ಬ್ಲಾಕು ಬದ್ಲಾಗಿ ಕೂತೈತೆ ಕಣವ್ವ. ಎರಡವೆ. ಅಪ್ಪಂದು ಯಾವ್ದು ಅಂತ ದೇವ್ರಿಗೂ ಗೊತ್ತಿಲ್ಲ" ಎಂದಳು.

"ಎಸ್ರು ನೋಡಿದ್ರಾ?"

"ಯಾವ್ ಹೆಸ್ರು?"

"ಅಯ್ಯೋ ನಿನ್ ಮನೆ ಕಾಯ್ವಾಗ! ಬ್ಲಾಕ್‌ಗೆ ಎಸ್ರಾಕ್ಸೈತೆ ಕಣಮ್ಮಿ! ಪಾತ್ರೆಗೆ ಎಸ್ರಾಕೋನು ನಮ್ ಜಗ್ಲಿ ಮ್ಯಾಲ್ ಕುಂತಿದ್ದಾಗ ನಿಮ್ಮಪ್ಪ ಇಂಜಿನ್ ಬಿಚ್ಕೊಂಡ್ ಅಂಗ್ಳದಲ್ಲಿ ಕುಂತಿತ್ತು. ಬ್ಲಾಕ್ನ ಲೇತ್‌ಗೆ ಕಳುಸ್ಬೇಕು, ಅಲ್ಲಿ ಬದ್ಲಾಯಿಸ್ಬುಟ್ರೆ ಏನ್ ಗತಿ ಅಂತ ಪೇಚಾಡ್ತಿತ್ತು. ಇದ್ಕೂ ಒಂದ್ ಎಸ್ರಾಕ್ಸ್ಬುಡು ಅಂತ ನಾನೇ ಅಂದೆ."

ಗ್ಯಾರೇಜಿನಲ್ಲಿ ಮೂವರೂ ಫೋನಿನ ಮೇಲೆ ಬಗ್ಗಿದರು.

"ಎಲ್ಲಿ ಹಾಕ್ಸಿದ್ರಿ ಅಜ್ಜಿ?" ಎಂದು ಜೀಷಾನ್ ಕೂಗಿದ.

"ಒಳೀಕ್ ಇಳ್ದು ಕುತ್ಕೊತದಲ್ಲಪ್ಪ, ಅದ್ರ ಕತ್ತಿನ್ ಸುತ್ತ. ಮ್ಯಾಲಾಕ್ಸಿದ್ರೆ ಊರೋರೆಲ್ಲ ನೋಡ್ ನಗ್ತಾರೆ ಅಂತ ಅಲ್ಲಾಕ್ಸ್ತು. ಗಟ್ಟಿ ಐತೆ, ಉಳಿ ಮೊಂಡಾಯ್ತದೆ ಅಂತ ಅವ್ನು ಬಯ್ಕೊಂಡ. ಒಂದ್ ಬುಟ್ಟಿ ದ್ರಾಕ್ಷಿ ಕೊಟ್ಟು ಆಕ್ಸ್ತು!"

ಬ್ಲಾಕಿನ ಬುಡದಲ್ಲಿ ಇಂಜಿನ್ನಿನ ಒಳಗೆ ಇಳಿದು ಮರೆಯಾಗುವ ಕತ್ತಿನಂಥ ಭಾಗವೊಂದಿರುತ್ತದೆ. ಬಿಚ್ಚಿದಾಗಲಷ್ಟೇ ಕಾಣುವಂಥದ್ದು. ಜೀಷಾನ್ ಹಣೆ ಹಣೆ ಚಚ್ಚಿಕೊಂಡ. "ಅಲ್ಲಿ ಜಿಡ್ಡಿನ ಸಂದಿಯಲ್ಲಿ ಸಣ್ಣ ಸಣ್ಣ ಗುಳಿ ನೋಡಿದ್ದೆ ಅಕ್ಕ! ತುಕ್ಕು ತಿಂದಿದೆ, ಎಮರಿ ಪೇಪರ್ ಹಾಕಿ ಉಜ್ಜಿಬಿಡೋಣ ಅಂತಿದ್ದೆ. ಯಾವ್ದರಲ್ಲಿ ನೋಡಿದ್ದೆ, ಯಾವ್ದರಲ್ಲಿ..."

"ಉಜ್ಜಿದ್ದೀಯೇನೋ?"

"ಇಲ್ಲಕ್ಕ, ಇಲ್ಲ!"

ಮೊದಲು ನಕಲಿ ಬ್ಲಾಕಿನ ಕತ್ತನ್ನು ಒರೆಸಿ ನೋಡಿದರು. ನುಣ್ಣಗೆ, ಒಂದು ಚುಕ್ಕೆಯಿಲ್ಲ. ಅಸಲಿಯದನ್ನು ಕೈಗೆತ್ತಿಕೊಂಡರು. ಕತ್ತಿನ ಸುತ್ತ ಸುಟ್ಟ ಎಣ್ಣೆ ಕಂದು ಬಣ್ಣದ ಗಟ್ಟಿ ಪದರವಾಗಿ ಕೂತಿತ್ತು. ಡೀಸೆಲ್ಲಿಗೆ ಅದು ಜಗ್ಗಿರಲಿಲ್ಲ. ಜೀಷಾನ್ ಥಿನ್ನರಿನಲ್ಲಿ ಬಟ್ಟೆ ಅದ್ದಿ ಕೊಟ್ಟ, ಧನಲಕ್ಷ್ಮಿ ಉಜ್ಜಿದಳು. ಅನಂತರಾಜು ಫೋನಿನ ಟಾರ್ಚ್ ಹಿಡಿದ. ಜಗಳ ಎಲ್ಲಿ ಹೋಯಿತೋ, ಈಗ ಅವನ ಕಣ್ಣೂ ಅಲ್ಲೇ ನೆಟ್ಟಿತ್ತು. 'ಚಿಕ್ಕಮಾರಯ್ಯ' ಎಂದು ಇರಬೇಕು, ಹಾಗೆಂದುಕೊಂಡೇ ಅವಳು 'ಚಿ'ಗಾಗಿ ಹುಡುಕುತ್ತಿದ್ದಳು.

ಚುಕ್ಕೆ ಕಂಡಿತು. ಅದರ ಪಕ್ಕ ಇನ್ನೊಂದು. ಬಾಗಿ ಹೋಗುವ ಒಂದು ಸಾಲು.

"ಬಂತು, ಬಂತು! ಏನಕ್ಷರ ಅದು?" ಎಂದ ಜೀಷಾನ್.

ದುಂಡಗಿನ ಆ ಕತ್ತಿನ ಮೇಲೆ, ಅವಳ ಬಟ್ಟೆ ತಾಗಿದ ಕಡೆ, ಮೊದಲು ಕಾಣಿಸಿದ್ದು 'ಲ'.

"ಲಕ್ಕಣ್ಣ!" ಎಂದು ಅನಂತರಾಜು ಕುಪ್ಪಳಿಸಿಬಿಟ್ಟ. "ನಾನ್ ಹೇಳ್ಲಿಲ್ವಾ? ನೆಲಮಂಗಲದ ಲಕ್ಕಣ್ಣ! ಅವ್ರೂ ಹಾಕ್ಸಿದಾರೆ ನೋಡ್ರಿ!"

ಧನಲಕ್ಷ್ಮಿಯ ಕೈ ನಿಂತುಹೋಯಿತು. ಅಪ್ಪನ ಹೆಸರಿನಲ್ಲಿ ಲ ಇಲ್ಲ. ಅವ್ವನ ಹೆಸರಿನಲ್ಲೂ ಇಲ್ಲ. ಆಮೇಲೆ ನೆನಪಾಯಿತು, ಇದೆ, ಒಂದು ಹೆಸರಿನಲ್ಲಿದೆ. ಗೋಕುಲ. ಹೌದಲ್ಲ, ಇನ್ಯಾರ ಹೆಸರು ಹಾಕಿಸುತ್ತಾನೆ ಅಪ್ಪ? ಕೀ ಕೊಟ್ಟದ್ದೂ ಅವನಿಗೇ ಅಲ್ಲವೇ? ಆರತಿ ತಟ್ಟೆ ಹಿಡಿದು ನಿಂತ ದಿನದ ಉರಿ ಇಷ್ಟು ವರ್ಷದ ಮೇಲೆ ಮತ್ತೆ ಎದ್ದಿತು. ಬೆನ್ನಿಗೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಗೋಕುಲನದಾದರೇನು, ಅಪ್ಪನ ಬ್ಲಾಕಾದರೆ ಸಾಕು ತಾನೆ? ಗೋಕುಲನದೇ ಇರಲಿ ದೇವರೇ, ಲಕ್ಕಣ್ಣನದಾಗದಿರಲಿ ಎಂದುಕೊಂಡು ಬಟ್ಟೆಯನ್ನು ಮತ್ತೆ ಥಿನ್ನರಿಗೆ ಅದ್ದಿ ಹಿಂದಕ್ಕೂ ಮುಂದಕ್ಕೂ ತಿಕ್ಕಿದಳು ನೋಡಿ, ಆ ತಿಕ್ಕಿದ ರಭಸಕ್ಕೆ ಪದರ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು.

ಟಾರ್ಚ್ ಹಿಡಿದಿದ್ದ ಅನಂತರಾಜುವೇ ಕೊನೆಗೆ ಮೆಲ್ಲಗೆ ಓದಿದ.

"ಧ... ನ... ಲಕ್ಷ್ಮಿ."

ಓದಿ, ಅವಳ ಮುಖ ನೋಡಿದ. ಅವಳು ಚೀಲಕ್ಕೆ ಕೈಹಾಕಿ ಊಟದ ಡಬ್ಬಿ ತೆಗೆದು, ಅದರ ಮುಚ್ಚಳವನ್ನು ಬ್ಲಾಕಿನ ಪಕ್ಕ ಹಿಡಿದಳು. ಅದೇ ಚುಕ್ಕೆ, ಅದೇ ಬಲಕ್ಕೆ ವಾಲಿದ ಅಕ್ಷರ, ಅದೇ ಕೈ.

"ಏನಾತಮ್ಮಿ? ಸಿಕ್ತಾ?" ಎಂದು ಫೋನಿನಲ್ಲಿ ಅವ್ವ ಕೇಳುತ್ತಲೇ ಇದ್ದಳು.

"ಅವ್ವಾ... ನನ್ ಹೆಸ್ರಿದೆ."

"ಇನ್ಯಾರ್ದಿರ್ತದೆ? ಅವತ್ ಆಕುಸ್ತಿದ್ದಿದ್ದೆಲ್ಲಾ ನಿನ್ ಎಸ್ರೇ ಅಲ್ವಾ? ಇದ್ಕೆ ಯಾರ್ ಎಸ್ರು ಅಂತ ಅವ್ನು ಕೇಳ್ದ. ನಾನು ನಿಮ್ಮಪ್ಪನ್ ಎಸ್ರಾಕು ಅಂದೆ. ನಿಮ್ಮಪ್ಪನೇ ಬ್ಯಾಡ ಅಂತು. ಉಡ್ಗಿ ಎಸ್ರಾಕು, ಇದೂ ಅವ್ಳಿಗೇ ಅಂತು."

"ಮತ್ತೆ ಕೀ ಯಾಕವ್ವ ಗೋಕುಲಂಗೆ ಕೊಡ್ತು?"

ಆ ಕಡೆ ಪಾತ್ರೆ ಬೆಳಗುವ ಸದ್ದು ನಿಂತಿತು. "ಊರೋರ್ ಬಾಯ್ಗೆ ಎದ್ರಿ ಕೊಡ್ತು. ಕೊಟ್ಬುಟ್ ಬಂದು ಅವತ್ತು ಅನ್ನ ಮುಟ್ಲಿಲ್ಲ. ಕೀ ಯಾರಾನ ಇಟ್ಕೊಳ್ಲಿ, ಎಸ್ರಂತೂ ಬದ್ಲಾಗಕಿಲ್ಲ ಅಂತು. ನಿಂಗ್ ಗೊತ್ತೈತೆ ಅನ್ಕಂಡಿದ್ದೆ ಕಣಮ್ಮಿ."

ಧನಲಕ್ಷ್ಮಿ ಬ್ಲಾಕನ್ನು ಎದೆಗವಚಿಕೊಂಡು ಆ ಎಣ್ಣೆ ನೆಲದ ಮೇಲೇ ಕೂತಳು. ಅತ್ತಳು, ಯಾರ ಮುಲಾಜೂ ಇಲ್ಲದೆ ಗೊಳೋ ಎಂದು ಅತ್ತಳು. ಖಾಕಿ ಕೋಟೆಲ್ಲ ಡೀಸೆಲ್ಲಾಯಿತು. ಅಕ್ಬರಿ ಮತ್ತೆ ಮಷಿನ್ನು ನಿಲ್ಲಿಸಿ ಓಡಿಬಂದಳು. ನೋಡುನೋಡುತ್ತಿದ್ದ ಹಾಗೆ ಅಳುತ್ತಿದ್ದವಳು ನಗುತ್ತಿದ್ದಳು. "ಹೂಂ ಅಂತ ಒಂದಕ್ಷರ ಬಿಟ್ರೆ ಆಡ್ತಿರ್ಲಿಲ್ಲ ನಮ್ಮಪ್ಪ! ನೋಡ್ರಿ, ಎಲ್ ಬರೆಸಿಟ್ಟವ್ನೆ!" ಎಂದು ಎಲ್ಲರಿಗೂ ಬ್ಲಾಕಿನ ಕತ್ತು ತೋರಿಸಿದಳು.

ಅನಂತರಾಜು ನಕಲಿ ಬ್ಲಾಕನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಅದನ್ನೇ ನೋಡಿದ. ಇನ್ನು ಊರಲ್ಲಿ ಮುಖ ಹೇಗೆ ತೋರಿಸಲಿ ಎಂಬ ಹಾಗಿತ್ತು ಅವನ ಮುಖ. ಆದರೂ ಮನುಷ್ಯ ದೊಡ್ಡವನು. "ತಗೊಳ್ಳಮ್ಮ, ನಿಮ್ದೇ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರ್ ತರ್ತಾರೆ?" ಎಂದ. ಆಮೇಲೆ ಫೋನಿಗೆ ಬಾಯಿಟ್ಟು, "ಅಜ್ಜಿ, ಆ ಹೆಸ್ರು ಹಾಕೋನು ಎಲ್ಲಾದ್ರೂ ಸಿಕ್ರೆ ಹೇಳಿ. ನಂದು ಡೂಪ್ಲಿಕೇಟೇ ಆಗ್ಲಿ, ಅದಕ್ಕೆ ನನ್ ಮಗಳ ಹೆಸ್ರು ಹಾಕಿಸ್ಬಿಡ್ತೀನಿ" ಎಂದ.

"ಎಸ್ರೇನಪ್ಪ ಮಗೀದು?"

"ಇಂದು."

"ಚಿಕ್ಕೆಸ್ರು. ಒಂದ್ ಬುಟ್ಟಿ ದ್ರಾಕ್ಷಿ ಬೇಕಾಗಕಿಲ್ಲ ಬುಡು" ಎಂದಳು ಮುನಿವೆಂಕಟಮ್ಮ. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು.

ಬಿಸಿಲು ಇಳಿಯುವ ಮೊದಲೇ ಬ್ಲಾಕು ಕೂತಿತು. ಹೆಸರು ಮತ್ತೆ ಇಂಜಿನ್ನಿನ ಒಳಗೆ ಇಳಿದು ಮರೆಯಾಗುವ ಮುನ್ನ ಧನಲಕ್ಷ್ಮಿ ಅದರ ಮೇಲೊಮ್ಮೆ ಬೆರಳಾಡಿಸಿದಳು. ಜೀಷಾನ್ ಕಿಕ್ಕರ್ ತುಳಿದು ತುಳಿದು ಬೆವತ. ಗಾಡಿ ಕೆಮ್ಮಿತು, ಸೀನಿತು, ಹಟ ಹಿಡಿಯಿತು. "ಸರಿಯೋ ಅತ್ಲಾಗೆ" ಎಂದು ಇವಳು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ತುಳಿದಳು. ಒಂದು, ಎರಡು. ಮೂರನೆಯದಕ್ಕೆ ಗಂಗಾನಗರದ ಆ ಬೀದಿಯಲ್ಲಿ ಹೊಗೆ ಎದ್ದಿತು, ಸದ್ದು ಎದ್ದಿತು. ದೇವಸ್ಥಾನದ ತಿರುವಿನಲ್ಲಿ ಕೇಳಿಸುತ್ತಿದ್ದ ಅದೇ ಸದ್ದು!

ಮರುದಿನ ಬೆಳಿಗ್ಗೆ ಹುಣಸಮಾರನಹಳ್ಳಿಯ ಮನೆಯ ಮುಂದೆ ಗೋಕುಲನ ಕಾರು, ಅದರ ಪಕ್ಕ ಲ್ಯಾಂಬ್ರೆಟಾ. ಎರಡಕ್ಕೂ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಬೂದುಗುಂಬಳಕಾಯಿ ಹಿಡಿದು ಗೋಕುಲ, ಆರತಿ ತಟ್ಟೆ ಹಿಡಿದು ಅವ್ವ. ಕಟ್ಟೆಯ ಮೇಲಿನವರೂ ಸದ್ದು ಕೇಳಿ ಎದ್ದು ಬಂದಿದ್ದರು. ಕಾರಿಗೆ ಪೂಜೆ ಮುಗಿಸಿ ಪೂಜಾರಿಗಳು ಸ್ಕೂಟರಿನ ಮುಂದೆ ಬಂದು, ಪ್ರತಿ ವರ್ಷದ ಹಾಗೆ ಕೇಳಿದರು.

"ಪೂಜೆ ಯಾರ ಹೆಸ್ರಲ್ಲಮ್ಮ? ಗೋಕುಲ್ ಅಲ್ವಾ?"

ಗೋಕುಲ ಅಕ್ಕನ ಕಡೆ ನೋಡಿ, ನಗುತ್ತ, ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಉಸಿರು ಎಳೆದುಕೊಂಡಳು. ಮೆಜೆಸ್ಟಿಕ್ ಬಸ್ಸಿನ ಹಿಂದಿನ ಸೀಟಿನವರೆಗೂ ಮುಟ್ಟುವ ಆ ಗಂಟಲಲ್ಲಿ, ಕಟ್ಟೆಯವರಿಗೂ, ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದಳು.

"ಧನಲಕ್ಷ್ಮಿ!"